ಬುಟ್ಟಿಯಲ್ಲಿ ಇಳಿದು ಬಂದ ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ಕ್ರಮ. ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಮಧ್ಯಾಹ್ನ ಸೇಸಮ್ಮಕ್ಕನ ಮನೆಗೆ ಹೋದಾಗ ಅವರು ಬೆಲ್ಲ ಕೊಟ್ಟರು. ದೊಡ್ಡ ತುಂಡೇ. ನೀರು ಮಾತ್ರ ಅರ್ಧ ಗ್ಲಾಸು. ಅದನ್ನು ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ.

ನನ್ನ ಹೆಸರು ಮೋಕ್ಷಿತಾ. ವಿಟ್ಲದ ಬಸ್ಸು ಇಳಿದು ಅರ್ಧ ಗಂಟೆ ನಡೆದರೆ ನಮ್ಮ ಊರು. ನಾನು ಮಹಿಳಾ ಸಂಘದ ಕಾರ್ಯದರ್ಶಿ, ಗ್ರಾಮ ಅರಣ್ಯ ಸಮಿತಿಯಲ್ಲಿ ಸದಸ್ಯೆ. ಸಮಿತಿಗೆ ಸೇರಿ ಆಗ ಏಳು ವರ್ಷವಾಗಿತ್ತು. ಏಳು ವರ್ಷವೂ ನಾನು ಮಾಡಿದ್ದು ಒಂದೇ ಕೆಲಸ. ಕರಪತ್ರ ಹಿಡಿದು ಮನೆಮನೆಗೆ ಹೋಗುವುದು, "ಗುಡ್ಡೆಯನ್ನು ಸ್ವಲ್ಪ ಬಿಡಿ" ಎನ್ನುವುದು, "ನೋಡುವ" ಎಂಬ ಉತ್ತರ ಕೇಳಿಕೊಂಡು ವಾಪಸು ಬರುವುದು. ನಿಜ ಹೇಳಬೇಕೆಂದರೆ ನನಗೆ ಸಾಕುಸಾಕಾಗಿತ್ತು. ಆ ದಿನವೂ ಭಾನುವಾರದ ಸಭೆಯ ನೋಟೀಸು ಕೊಟ್ಟು, ಬೇಗ ಮನೆಗೆ ಹೋಗಿ ಮಲಗುವ ಎಂದುಕೊಂಡೇ ಹೊರಟಿದ್ದೆ.

ಅಂಗಳದಲ್ಲಿ ಸೇಸಮ್ಮಕ್ಕನ ಗಂಡ ಶೇಷಪ್ಪಣ್ಣ ಪಿಕ್ಕಾಸಿಗೆ ಹೊಸ ಹಿಡಿ ಹಾಕುತ್ತಿದ್ದರು. ಅವರಿಗೆ ಅರವತ್ತೆಂಟು ವರ್ಷ. ಹಿಡಿಯನ್ನು ಕಲ್ಲಿಗೆ ಕುಟ್ಟಿ ಕುಟ್ಟಿ ಬಿಗಿ ಮಾಡುತ್ತಿದ್ದರು.

"ಪಿಕ್ಕಾಸು ಎಂತಕ್ಕೆ ಶೇಷಪ್ಪಣ್ಣ?" ಎಂದು ಕೇಳಿದೆ.

"ಸೋಮವಾರ ಸುರಂಗದ ಒಳಗೆ ಹೋಗುವ ಅಂತ. ಇನ್ನು ನಾಲ್ಕು ಕೋಲು ಮುಂದೆ ಕೊರೆದರೆ ನೀರು ಸಿಕ್ಕೀತು."

ಸುರಂಗ ಎಂದರೆ ನಮ್ಮ ಕಡೆಯ ಬಾವಿಯೇ. ಆದರೆ ಕೆಳಗೆ ತೋಡಿದ್ದಲ್ಲ, ಗುಡ್ಡೆಯ ಬದಿಯಿಂದ ಒಳಕ್ಕೆ ಅಡ್ಡವಾಗಿ ಕೊರೆದದ್ದು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಮಾತ್ರ ಜಾಗ. ಒಳಗೆ ಕಲ್ಲಿನ ಸಂದಿಯಿಂದ ಒಸರುವ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಶೇಷಪ್ಪಣ್ಣನ ತಂದೆ ಕೊರೆದಾಗ ಅದು ಮೂವತ್ತು ಕೋಲು ಉದ್ದ ಇತ್ತು. ಕೋಲು ಎಂದರೆ ಎರಡೂವರೆ ಅಡಿ. ಆಮೇಲೆ ನೀರು ಕಡಿಮೆಯಾದಾಗಲೆಲ್ಲ ಶೇಷಪ್ಪಣ್ಣ ಒಳಗೆ ಹೋಗಿ ಎರಡು ಕೋಲು, ಮೂರು ಕೋಲು ಉದ್ದ ಮಾಡುತ್ತಾ ಬಂದರು. ಈಗ ಅರವತ್ತೆರಡು ಕೋಲಾಗಿತ್ತು. ಸುರಂಗ ಉದ್ದವಾದ ಹಾಗೆ ನೀರೂ ಹಿಂದೆ ಹಿಂದೆ ಹೋಗುತ್ತಿತ್ತು.

"ಕಳೆದ ವರ್ಷ ಒಳಗೆ ಮಣ್ಣು ಬಿದ್ದದ್ದು ಮರೆತುಹೋಯ್ತಾ? ಮೊಣಕಾಲಿನವರೆಗೆ ಹೂತುಹೋಗಿದ್ದಿರಲ್ಲ" ಎಂದೆ.

ಅವರು ಹಿಡಿಯನ್ನು ಇನ್ನೊಮ್ಮೆ ಕಲ್ಲಿಗೆ ಕುಟ್ಟಿದರು. ಸೇಸಮ್ಮಕ್ಕನೇ ಹೇಳಿದರು. "ಇವರು ಒಳಗೆ ಹೋದರೆ ನಾನು ಸುರಂಗದ ಬಾಯಿಯಲ್ಲೇ ನಿಲ್ಲುವುದು ಮಾರಾಯ್ತಿ. ಮತ್ತೆ ಮತ್ತೆ 'ಹೋಯ್' ಅಂತ ಕರೀತೇನೆ. ಒಳಗಿನಿಂದ 'ಹೋಯ್' ಅಂತ ಬಂದರೆ ನನಗೆ ಜೀವ ಬರ್ತದೆ. ಕಳೆದ ವರ್ಷ ನಾಲ್ಕು ಸಲ ಕರೆದೆ, ಒಳಗಿನಿಂದ ಸ್ವರವೇ ಇಲ್ಲ."

"ಹಾಗಾದರೆ ಹೋಗುವುದು ಬೇಡ ಅಂತ ಹೇಳಿ."

"ಹೇಳ್ಲಿಕ್ಕೆ ನನಗೂ ಬಾಯಿ ಉಂಟು. ನೀರು ಎಲ್ಲಿಂದ ತರ್ಲಿ? ಆಚೆ ಮನೆಯ ಮುಂಡಪ್ಪ ಶೆಟ್ರು ಬೋರ್ ಹಾಕಿಸಿದ್ದು ನೋಡಿದ್ದೀಯಲ್ಲ. ಬರೇ ಧೂಳು ಬಂತು."

ನಾನು ಚೀಲದಿಂದ ನೋಟೀಸು ತೆಗೆದು ಕೊಟ್ಟೆ. ಹೇಳಿ ಹೇಳಿ ಬಾಯಿಪಾಠವಾದ ಮಾತನ್ನು ಮತ್ತೊಮ್ಮೆ ಹೇಳಿದೆ.

"ಸೇಸಮ್ಮಕ್ಕ, ಮೇಲಿನ ಗುಡ್ಡೆ ಬೋಳಾಗಿದೆ. ಅದಕ್ಕೇ ನೀರು ಇಲ್ಲ. ಗುಡ್ಡೆಯನ್ನು ಮೂರು ಪಾಲು ಮಾಡುವ ಅಂತ ಸಮಿತಿಯಲ್ಲಿ ಮಾತಾಗಿದೆ. ಸುರಂಗದ ಮೇಲಿನ ಪಾಲಿಗೆ ಮೂರು ವರ್ಷ ಕತ್ತಿಯೂ ಬೇಡ, ಹಿಡಿಸೂಡಿಯೂ ಬೇಡ, ಬೆಂಕಿಯೂ ಬೇಡ. ಬಾಕಿ ಎರಡು ಪಾಲಲ್ಲಿ ಅವರವರ ಹಟ್ಟಿಗೆ ಬೇಕಾದಷ್ಟು ಮಾತ್ರ ತೆಗೆಯುವ. ನಿಮ್ಮದೂ ಶೆಟ್ರದ್ದೂ ಒಪ್ಪಿಗೆ ಬೇಕು."

ಗುಡ್ಡೆ ಅರಣ್ಯ ಇಲಾಖೆಯದು. ಆದರೆ ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿ ಗೊಬ್ಬರ ಮಾಡಲು ಅಲ್ಲಿಂದ ಸೊಪ್ಪು, ತರಗೆಲೆ ತರುವ ರೂಢಿ ಊರಿನದು. ಯಾವ ಮನೆಯವರು ಎಲ್ಲಿಂದ ಎಲ್ಲಿಯವರೆಗೆ ತರಬೇಕು ಎಂಬುದು ಅಜ್ಜಂದಿರ ಕಾಲದಲ್ಲೇ ಬಾಯಿಮಾತಿನಲ್ಲಿ ತೀರ್ಮಾನವಾಗಿದೆ. ಮಳೆ ನಿಂತ ಮೇಲೆ ಕತ್ತಿ ತೆಗೆದುಕೊಂಡು ಹೋಗಿ ಹಸಿ ಸೊಪ್ಪು ಕಡಿಯುತ್ತಾರೆ. ಜನವರಿಯಲ್ಲಿ ಹಿಡಿಸೂಡಿ ತೆಗೆದುಕೊಂಡು ಹೋಗಿ ತರಗೆಲೆ ಗುಡಿಸುತ್ತಾರೆ. ಅಂಗಳ ಗುಡಿಸಿದ ಹಾಗೆ, ಒಂದು ಎಲೆ ಬಿಡದೆ ಗುಡಿಸುತ್ತಾರೆ. ಸುರಂಗದ ಮೇಲಿನ ಜಾಗದಲ್ಲಿ ಅರ್ಧ ಸೇಸಮ್ಮಕ್ಕನ ಪಾಲು, ಅರ್ಧ ಆಚೆ ಮನೆಯ ಮುಂಡಪ್ಪ ಶೆಟ್ರ ಪಾಲು.

"ಸಹಿ ಹಾಕಿಸಿಕೊಳ್ತಾರೆ, ನಾಳೆ ಬೇಲಿ ಹಾಕ್ತಾರೆ" ಎಂದರು ಶೇಷಪ್ಪಣ್ಣ. "ಆಮೇಲೆ ಗುಡ್ಡೆ ಹತ್ತಲಿಕ್ಕೂ ನಾವು ಕೈಮುಗಿಯಬೇಕು. ಇಲಾಖೆಯವರ ಮಾತು ನನಗೆ ಗೊತ್ತುಂಟು."

ಆ ಹೆದರಿಕೆ ಸುಳ್ಳಲ್ಲ. ಹಿಂದೆ ಊರಿನವರನ್ನು ಕೇಳದೆ ಗುಡ್ಡೆಗಳಲ್ಲಿ ಅಕೇಶಿಯಾ ನೆಟ್ಟದ್ದನ್ನು ನೋಡಿದವರು ನಾವು. ಹಾಗಾಗಿ ನಾನು ಸಿಟ್ಟು ಮಾಡಲಿಲ್ಲ. "ಈಗ ಸಮಿತಿಯಲ್ಲಿ ಇರುವುದು ನಾವೇ ಅಲ್ವಾ? ಎಲ್ಲಿ ಬಿಡಬೇಕು, ಎಷ್ಟು ವರ್ಷ ಬಿಡಬೇಕು ಅಂತ ಸಭೆಯಲ್ಲಿ ಕೂತು ನಿರ್ಣಯ ಬರೀತೇವೆ. ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಸಹಿ. ಬೇಲಿ ಹಾಕುವುದಿಲ್ಲ ಅಂತಲೂ ಬರೆಸುವ" ಎಂದೆ.

ಸೇಸಮ್ಮಕ್ಕ ತಲೆ ಅಲ್ಲಾಡಿಸಿದರು. "ಅದೆಲ್ಲ ಸರಿ. ನಾನು ಬಿಟ್ಟರೆ ಮುಂಡಪ್ಪ ಶೆಟ್ರು ಬಿಡ್ತಾರಾ? ನಮ್ಮ ಪಾಲನ್ನೂ ಅವರೇ ಗುಡಿಸಿಕೊಂಡು ಹೋಗ್ತಾರೆ."

ಸರಿ, ಎಂದು ಆಚೆ ಮನೆಗೆ ನಡೆದೆ. ಮುಂಡಪ್ಪ ಶೆಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎಲ್ಲವನ್ನೂ ಸಮಾಧಾನದಲ್ಲಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು. "ನೀನು ಹೇಳುವುದು ಸರಿಯೇ ಮೋಕ್ಷಿತಾ. ಆದರೆ ನಾನು ಬಿಟ್ಟರೆ ಸೇಸಮ್ಮ ಬಿಡ್ತಾರಾ?"

ಎರಡು ಮನೆಯಲ್ಲಿ ಒಂದೇ ಮಾತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೂ ದೊಡ್ಡ ವಿಷಯ ಅಂಗಳ ಇಳಿಯುವಾಗ ಕಣ್ಣಿಗೆ ಬಿತ್ತು. ಶೆಟ್ರು ಗದ್ದೆ ಬಿಟ್ಟು ರಬ್ಬರ್ ಹಾಕಿ ಎಷ್ಟೋ ವರ್ಷವಾಯಿತು. ದನಗಳನ್ನೂ ಕೊಟ್ಟಾಗಿದೆ. ಹಟ್ಟಿಯಲ್ಲಿ ಈಗ ಅವರ ಸ್ಕೂಟರ್ ನಿಲ್ಲುತ್ತದೆ. ಆದರೂ ಹಟ್ಟಿಯ ಹಿಂದೆ ಆಳೆತ್ತರ ತರಗೆಲೆ ರಾಶಿ! ವರ್ಷ ವರ್ಷವೂ ಕೂಲಿಗೆ ಜನ ಮಾಡಿ ತರಿಸುತ್ತಾರೆ, ಏಪ್ರಿಲ್‌ನಲ್ಲಿ ಬೆಂಕಿ ಕೊಡುತ್ತಾರೆ.

"ಇದು ಎಂತಕ್ಕೆ ಶೆಟ್ರೇ?" ಎಂದು ಕೇಳಿದೆ.

"ಪಾಲು ಬಿಡಬಾರದಲ್ಲ" ಎಂದರು.

ಇನ್ನು ಮಾತಾಡಲು ನನ್ನಲ್ಲಿ ತ್ರಾಣ ಇರಲಿಲ್ಲ. ಮನೆಗೆ ಹೋಗುವ ದಾರಿ ಸೇಸಮ್ಮಕ್ಕನ ಹಟ್ಟಿಯ ಪಕ್ಕದಲ್ಲೇ. ಅಲ್ಲಿಯವರೆಗೆ ಬಂದಾಗ ಕಾಲು ಮುಂದೆ ಹೋಗುವುದಿಲ್ಲ ಎಂದಿತು. ಹಟ್ಟಿಯ ಹಿಂದೆ ಅವರದ್ದೂ ಒಂದು ತರಗೆಲೆ ರಾಶಿ ಇತ್ತು. ಕಳೆದ ವರ್ಷದ್ದು, ಮುಗಿದೇ ಇರಲಿಲ್ಲ. ಎಂಟು ದನ ಇದ್ದ ಕಾಲದಲ್ಲಿ ತರುತ್ತಿದ್ದಷ್ಟನ್ನೇ ಅವರು ಈಗಲೂ ತರುತ್ತಾರೆ. ಹಟ್ಟಿಯಲ್ಲಿ ಇರುವುದು ಒಂದೇ ದನ. ನಾನು ಆ ರಾಶಿಯ ಮೇಲೆ ಧೊಪ್ಪನೆ ಕುಳಿತೆ. ಏಳುವ ಮನಸ್ಸಿಲ್ಲ. ಈ ಸಮಿತಿಯೂ ಬೇಡ, ಊರಿನವರ ಉಸಾಬರಿಯೂ ಬೇಡ, ಭಾನುವಾರ ರಾಜೀನಾಮೆ ಕೊಟ್ಟುಬಿಡುವ ಎಂದುಕೊಂಡೆ.

ಏಳಲು ಕೈ ಊರಿದಾಗ ಕೈ ಮೊಣಕೈವರೆಗೆ ಎಲೆಯ ಒಳಗೆ ಹೋಯಿತು. ತಣ್ಣಗಿತ್ತು. ನಾನು ಗಾಬರಿಯಾಗಿ ಕೈ ಎಳೆದುಕೊಂಡೆ. ಬೆರಳಲ್ಲಿ ಹಸಿ ಮಣ್ಣು, ಒಂದು ಎರೆಹುಳ.

ಮಳೆ ನಿಂತು ಮೂರು ತಿಂಗಳು ದಾಟಿದೆ. ಊರಿಡೀ ಕಾದ ಕಾವಲಿ. ಈ ರಾಶಿಗೆ ಯಾರೂ ಒಂದು ತೊಟ್ಟು ನೀರು ಹಾಕಿಲ್ಲ. ಹಾಕಲು ನೀರಾದರೂ ಎಲ್ಲಿದೆ?

"ಸೇಸಮ್ಮಕ್ಕಾ! ಇಲ್ಲಿ ಒಮ್ಮೆ ಬನ್ನಿ!" ಎಂದು ಬೊಬ್ಬೆ ಹಾಕಿದೆ.

ಹಾವು ಕಂಡಿತೆಂದು ಅವರು ಕೋಲು ಹಿಡಿದು ಓಡಿ ಬಂದರು. ಹಿಂದಿನಿಂದ ಪಿಕ್ಕಾಸು ಹಿಡಿದೇ ಶೇಷಪ್ಪಣ್ಣ ಬಂದರು.

"ಹಾವಲ್ಲ. ಕೈ ಹಾಕಿ ನೋಡಿ. ಅಡಿಯವರೆಗೆ ಹಾಕಿ."

ಸೇಸಮ್ಮಕ್ಕ ಕೈ ಹಾಕಿದರು. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದರು. "ಮಳೆಗಾಲದ ವಾಸನೆ ಬರ್ತದೆ" ಎಂದರು ಮೆಲ್ಲಗೆ.

"ಗುಡ್ಡೆಗೆ ಹೋಗುವ. ಈಗಲೇ ಹೋಗುವ" ಎಂದೆ. ನನ್ನ ಕಾಲುನೋವು ಎಲ್ಲಿ ಹೋಯಿತೋ!

ಮೂವರೂ ಹತ್ತಿದೆವು. ಸುರಂಗದ ನೇರಕ್ಕೆ ಮೇಲೆ, ಅವರ ಪಾಲಿನಲ್ಲಿ ನಿಂತೆವು. ನೇರಳೆ, ಹೊನ್ನೆ ಎಲ್ಲ ಇತ್ತು. ಆದರೆ ಮರ ಎಂದು ಹೇಳುವಂತಿರಲಿಲ್ಲ. ವರ್ಷ ವರ್ಷ ಕಡಿದು ಕಡಿದು ಸೊಂಟದೆತ್ತರದ ಕುತ್ತಿಗಳಾಗಿದ್ದವು. ನೆಲದಲ್ಲಿ ಒಂದು ಎಲೆ ಇರಲಿಲ್ಲ.

"ಇಲ್ಲಿ ಒಂದು ಪೆಟ್ಟು ಹಾಕಿ ಶೇಷಪ್ಪಣ್ಣ."

ಅವರು ಪಿಕ್ಕಾಸು ಎತ್ತಿ ಹಾಕಿದರು. ಠಣ್ ಎಂದಿತು. ನೆಲದಲ್ಲಿ ಗೆರೆ ಮಾತ್ರ ಬಿತ್ತು. ಹತ್ತು ಹೆಜ್ಜೆ ಆಚೆ ಒಂದು ಮುಳ್ಳಿನ ಪೊದೆ ಇತ್ತು. ಅದರ ಬುಡಕ್ಕೆ ಹಿಡಿಸೂಡಿ ಹೋಗುವುದಿಲ್ಲ, ಹಾಗಾಗಿ ಎಲೆ ಬಿದ್ದಲ್ಲಿಯೇ ಉಳಿದಿತ್ತು. "ಇಲ್ಲಿ ಹಾಕಿ" ಎಂದೆ. ಪಿಕ್ಕಾಸಿನ ಮೂತಿ ಗೇಣುದ್ದ ಒಳಗೆ ಹೋಯಿತು. ಎಬ್ಬಿಸಿದರೆ ಕಪ್ಪು ಮಣ್ಣು. ಸೇಸಮ್ಮಕ್ಕ ಅದನ್ನು ಮುಷ್ಟಿಯಲ್ಲಿ ಹಿಚುಕಿದರು. ಉಂಡೆ ಕಟ್ಟಿತು.

ಅವರು ಆ ಉಂಡೆಯನ್ನು ನೋಡಿದರು. ಕೆಳಗೆ ಅವರ ಹಟ್ಟಿಯನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು. "ಹಾಗಾದರೆ ಇಷ್ಟು ವರ್ಷ ನಾನು ಈ ಗುಡ್ಡೆಯ ನೀರನ್ನು ಬುಟ್ಟಿಯಲ್ಲಿ ಹೊತ್ತು ಕೆಳಗೆ ತಂದದ್ದಾ ಮೋಕ್ಷಿತಾ?"

"ಎಲೆ ಇದ್ದರೆ ಮಳೆ ನೀರು ನಿಧಾನ ಇಳಿದು ಒಳಗೆ ಹೋಗ್ತದೆ ಅಕ್ಕ. ಇಲ್ಲದಿದ್ದರೆ ಹೀಗೆ ಗಟ್ಟಿ ನೆಲದ ಮೇಲೆ ಜಾರಿ ಕೆಳಗೆ ಹರಿಯುವ ತೋಡಿಗೆ ಹೋಗ್ತದೆ. ಸುರಂಗಕ್ಕೆ ಎಂತ ಉಳೀತದೆ?" ಎಂದೆ. ಏಳು ವರ್ಷದಿಂದ ಕರಪತ್ರದಲ್ಲಿ ಇದೇ ಸಾಲನ್ನು ಓದಿ ಹೇಳುತ್ತಿದ್ದೆ. ಒಂದು ದಿನವೂ ನಾನೇ ಎಲೆರಾಶಿಗೆ ಕೈ ಹಾಕಿ ನೋಡಿರಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗೂ ಇಲ್ಲ.

ಶೇಷಪ್ಪಣ್ಣ ಪಿಕ್ಕಾಸು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಳಿತರು. ಯಾರನ್ನೂ ನೋಡದೆ ಹೇಳಿದರು. "ನನಗೆ ಸೋಮವಾರ ಒಳಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಕಳೆದ ವರ್ಷದಿಂದ ಹೆದರಿಕೆ. ಹೇಳ್ಲಿಕ್ಕೆ ನಾಚಿಕೆಯಾಗಿ ಹೇಳ್ಲಿಲ್ಲ."

ಸೇಸಮ್ಮಕ್ಕನ ಕಣ್ಣಲ್ಲಿ ನೀರು ಬಂತು. ಆದರೆ ಸ್ವರ ಗಟ್ಟಿಯಾಗಿಯೇ ಇತ್ತು. "ನೀವು ಹೋಗುವುದು ಬೇಡ. ಇನ್ನು ಯಾವತ್ತೂ ಬೇಡ. ಈ ಬೇಸಗೆ ನಾನು ಕೆಳಗಿನ ತೋಡಿನ ಗುಂಡಿಯಿಂದ ಹೊತ್ತು ತರ್ತೇನೆ. ಹೊತ್ತು ಅಭ್ಯಾಸ ಉಂಟಲ್ಲ."

ಭಾನುವಾರ ಅಂಗನವಾಡಿಯಲ್ಲಿ ಸಭೆ. ಅರಣ್ಯ ಇಲಾಖೆಯ ಗಾರ್ಡ್ ನಿಝಾರ್ ಪುಸ್ತಕ ಬಿಡಿಸಿ ಕಾದು ಕೂತಿದ್ದರು. ಅವರ ಮುಖದಲ್ಲೂ ನನ್ನಷ್ಟೇ ಸುಸ್ತು ಕಾಣುತ್ತಿತ್ತು. ಆಗ ಸೇಸಮ್ಮಕ್ಕ ಎದ್ದು ನಿಂತರು. ಸೆರಗಿನ ಗಂಟು ಬಿಚ್ಚಿ ಎರಡು ಉಂಡೆ ಮಣ್ಣನ್ನು ಮೇಜಿನ ಮೇಲೆ ಇಟ್ಟರು. ಒಂದು ಬಿಳಿಚಿದ ಒಣ ಹೆಂಟೆ, ಇನ್ನೊಂದು ಮುಳ್ಳಿನ ಪೊದೆಯ ಕಪ್ಪು ಮಣ್ಣು.

"ಎರಡೂ ನಮ್ಮ ಗುಡ್ಡೆಯದ್ದೇ. ಇದು ಗುಡಿಸಿದ ಜಾಗದ್ದು, ಇದು ಗುಡಿಸದ ಜಾಗದ್ದು. ಮುಟ್ಟಿ ನೋಡಿ. ನಮ್ಮ ಪಾಲು ನಾವು ಬಿಟ್ಟೆವು. ನನ್ನ ಹೆಸರು ಮೊದಲು ಬರ್ಕೊಳ್ಳಿ" ಎಂದರು. ಆಮೇಲೆ ಮುಂಡಪ್ಪ ಶೆಟ್ರ ಕಡೆ ತಿರುಗಿದರು. "ಶೆಟ್ರೇ, ನಿಮ್ಮ ಸ್ಕೂಟರಿಗೆ ವರ್ಷಕ್ಕೆ ಎಷ್ಟು ಬುಟ್ಟಿ ಸೊಪ್ಪು ಬೇಕಾಗ್ತದೆ?"

ಅಂಗನವಾಡಿಯೇ ನಕ್ಕಿತು. ಶೆಟ್ರಿಗೂ ನಗು ತಡೆಯಲಾಗಲಿಲ್ಲ. ಅವರು ಎದ್ದು ಬಂದು ಎರಡೂ ಮಣ್ಣನ್ನು ಮುಟ್ಟಿ ನೋಡಿದರು. ಕಪ್ಪು ಮಣ್ಣನ್ನು ಬೆರಳಲ್ಲಿ ತುಂಬ ಹೊತ್ತು ತಿಕ್ಕಿದರು. "ಬರೆಯಿರಿ ನಿಝಾರ್. ನನ್ನ ಪಾಲೂ ಬಿಟ್ಟೆ" ಎಂದರು.

ನಿರ್ಣಯ ಬರೆದಾಯಿತು. ಬಿಟ್ಟ ಪಾಲಿಗೆ ಮೂರು ವರ್ಷ ಕತ್ತಿ, ಹಿಡಿಸೂಡಿ, ಬೆಂಕಿ ಇಲ್ಲ. ಬೇಲಿಯೂ ಇಲ್ಲ. ಬೇರೆ ಪಾಲಲ್ಲಿ ದನ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಸೊಪ್ಪು, ಅದೂ ತುದಿ ಕಡಿಯದೆ, ಬದಿಯ ಕೊಂಬೆಯಿಂದ ಮಾತ್ರ. ಅಕೇಶಿಯಾ ಬೇಡ, ಊರಿನದೇ ಗಿಡ ನೆಡುವುದು, ನೇರಳೆ, ಹೊನ್ನೆ, ಪುನರ್ಪುಳಿ. ಬೇಸಗೆಗೆ ಮೊದಲು ಸುತ್ತ ಬೆಂಕಿ ದಾಟದಂತೆ ಹುಲ್ಲು ಕೆತ್ತುವುದು. ನಿಝಾರ್ ಎರಡು ಸಲ ಓದಿ ಹೇಳಿದರು. ಶೇಷಪ್ಪಣ್ಣ ಮೂರನೆಯ ಸಲವೂ ಓದಿಸಿ ಸಹಿ ಹಾಕಿದರು. ನಾನು ರಾಜೀನಾಮೆಯ ವಿಷಯ ಎತ್ತಲಿಲ್ಲ.

ಆ ವರ್ಷ ಪವಾಡ ಏನೂ ಆಗಲಿಲ್ಲ. ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನನಗೆ ಸಮಾಧಾನವಿಲ್ಲ. ಮರುವರ್ಷ ಮಾರ್ಚಿಯಲ್ಲಿ ಸುರಂಗ ಎಂದಿನಂತೆ ಬತ್ತಿತು. "ಸೊಪ್ಪೂ ಹೋಯ್ತು, ನೀರೂ ಇಲ್ಲ" ಎಂದು ನನ್ನನ್ನು ಬೈದವರು ತುಂಬ ಜನ. ಸೇಸಮ್ಮಕ್ಕ ಮಾತ್ರ ಬೈಯಲಿಲ್ಲ, ತೋಡಿನಿಂದ ಕೊಡಪಾನ ಹೊತ್ತರು. ಶೇಷಪ್ಪಣ್ಣ ಪಿಕ್ಕಾಸು ಹಿಡಿದು ಗುಡ್ಡೆಗೆ ಹೋಗಿ, ನೀರು ಇಂಗಲು ಅಲ್ಲಲ್ಲಿ ಗುಂಡಿ ತೋಡತೊಡಗಿದರು. ಎರಡನೆಯ ವರ್ಷ ಸುರಂಗದ ನೀರು ಏಪ್ರಿಲ್ ಮೊದಲ ವಾರದವರೆಗೆ ಬಂತು. ಆ ವರ್ಷ ಮಳೆಯೂ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ಈ ವರ್ಷ ಮೂರು ವರ್ಷದ ಗಡು ಮುಗಿಯಿತು. ಏಪ್ರಿಲ್ ಕೊನೆಯಲ್ಲಿ ಸೇಸಮ್ಮಕ್ಕನ ಮನೆಗೆ ಹೋದೆ. ಒಳಗೊಳಗೇ ಅಳುಕು. ಇನ್ನು ಪುನಃ ಕತ್ತಿ ಹಿಡಿದು ಹೊರಟರೆ? ಪುನಃ ಮೊದಲಿನಿಂದ ಹೇಳುವ ಶಕ್ತಿ ನನಗೆ ಉಂಟಾ?

ಸೇಸಮ್ಮಕ್ಕ ಬೆಲ್ಲ ತಂದರು. ನೀರು ಚೆಂಬು ತುಂಬ ಇತ್ತು, ಸುರಂಗದ್ದೇ. ನಾನು ಗಟಗಟ ಕುಡಿದು ಮುಗಿಸಿದೆ. ಅವರು ಕೇಳದೆಯೇ ಇನ್ನೊಂದು ಚೆಂಬು ತಂದು ಇಟ್ಟರು.

"ಗಡು ಮುಗಿಯಿತಲ್ಲ ಅಕ್ಕ. ಎಂತ ಮಾಡ್ತೀರಿ?" ಎಂದೆ.

"ಒಂದು ದನಕ್ಕೆ ಬೇಕಾದ ಸೊಪ್ಪು ಆಚೆ ಪಾಲಿಂದ ಬರ್ತದೆ. ಇದು ಹೀಗೆಯೇ ಇರ್ಲಿ. ಸಭೆಯಲ್ಲಿ ನಾನೇ ಹೇಳ್ತೇನೆ, ನೀನು ಸುಸ್ತು ಮಾಡ್ಕೊಳ್ಬೇಡ."

"ಶೇಷಪ್ಪಣ್ಣ ಎಲ್ಲಿ?"

ಅವರು ಅಂಗಳಕ್ಕೆ ಬಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕರೆದರು. "ಹೋಯ್!"

ನನ್ನ ಕಣ್ಣು ಅಭ್ಯಾಸಬಲದಿಂದ ಸುರಂಗದ ಕಡೆ ಹೋಯಿತು. ಉತ್ತರ ಅಲ್ಲಿಂದ ಬರಲಿಲ್ಲ. ಮೇಲೆ ಗುಡ್ಡೆಯಿಂದ, ಆಳೆತ್ತರ ಬೆಳೆದ ನೇರಳೆ ಗಿಡಗಳ ನಡುವಿನಿಂದ ಬಂತು. ಮೊದಲನೆಯ ಕರೆಗೇ ಬಂತು.

"ಹೋಯ್!"

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರು ಬಂಟ್ವಾಳದ ಕಡೆಯದಿರಲಿ, ಬೆಳ್ತಂಗಡಿಯದಿರಲಿ, ಮೂಡುಬಿದಿರೆಯದಿರಲಿ, ಮನೆಯ ಹಿಂದೆ ಒಂದು ಗುಡ್ಡೆ ಇದ್ದೀತು. ಹಟ್ಟಿಯ ಹಿಂದೆ ಒಂದು ತರಗೆಲೆ ರಾಶಿಯೂ ಇದ್ದೀತು. ನಾನು ಎಲ್ಲರ ಮನೆಗೂ ಬರಲಾರೆ, ಕಾಲು ಸೋತಿದೆ. ನೀವೇ ಇವತ್ತು ಆ ರಾಶಿಯ ಅಡಿಗೆ ಕೈ ಹಾಕಿ ನೋಡಿ. ತಣ್ಣಗಿದ್ದರೆ, ಅದು ನಿಮ್ಮ ಬಾವಿಗೆ ಹೋಗಬೇಕಾಗಿದ್ದ ನೀರು. ಮುಂದಿನ ಅರಣ್ಯ ಸಮಿತಿಯ ಸಭೆಗೆ ಹೋಗಿ, ನಿಮ್ಮ ಪಾಲಿನಲ್ಲಿ ಸ್ವಲ್ಪವನ್ನಾದರೂ ಬಿಟ್ಟೆ ಎಂದು ಎದ್ದು ಹೇಳಿ. ಆಚೆ ಮನೆಯವರು ಬಿಡುತ್ತಾರಾ ಎಂದು ಕಾಯಬೇಡಿ. ಅವರು ಅಲ್ಲಿ ನಿಮ್ಮನ್ನೇ ಕಾಯುತ್ತಾ ಕೂತಿರುತ್ತಾರೆ.